ಹೊರಟೆ ಅಂದವರು ಒಳಗೇ ಕೂತಿದ್ದರು

ಟರ್ಮಿನೇಟ್ ಅಂಡ್ ಸ್ಟೇ ರೆಸಿಡೆಂಟ್. ಚಿಕ್ಕದಾಗಿ ಟಿಎಸ್‌ಆರ್. ಇದನ್ನು ನಮ್ಮ ಮಾತಿನಲ್ಲಿ ಹೇಳೋದಾದ್ರೆ ಹೇಗೆ? ‘ಕೆಲಸ ಮುಗೀತು, ಹೊರಟೆ ಅಂತ ಹೇಳು. ಆದರೆ ಮನೆ ಬಿಟ್ಟು ಹೋಗಬೇಡ.’ ಅಷ್ಟೇ. 1980ರ ದಶಕದ ಪರ್ಸನಲ್ ಕಂಪ್ಯೂಟರನ್ನು ನಿಜವಾಗಿ ಕೆಲಸಕ್ಕೆ ಬರುವ ಯಂತ್ರವನ್ನಾಗಿ ಮಾಡಿದ್ದರಲ್ಲಿ ಈ ಸಣ್ಣ ಕಳ್ಳಾಟದ ಪಾಲು ದೊಡ್ಡದು. ಇವತ್ತು ನಿಮ್ಮ ಜೇಬಿನಲ್ಲಿರುವ ಮೊಬೈಲಿನೊಳಗೆ ಯಾರ್ಯಾರು ಕೂತಿದ್ದಾರೆ ಅನ್ನೋ ಪ್ರಶ್ನೆಯ ಬೇರು ಕೂಡ ಅಲ್ಲೇ ಇದೆ.

ಮೊದಲು ಆ ಕಾಲದ ಯಂತ್ರ ಹೇಗಿತ್ತು ನೋಡಿ. 1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ಅಮೆರಿಕದಲ್ಲಿ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಒಳಗೆ ಇಂಟೆಲ್‌ನ 8088 ಚಿಪ್, ಅದರ ಮೇಲೆ ಮೈಕ್ರೋಸಾಫ್ಟ್‌ನ ಡಾಸ್. ಡಾಸ್ ಮತ್ತು ಅದರ ಪ್ರೋಗ್ರಾಂಗಳೆಲ್ಲ ಸೇರಿ ಹಂಚಿಕೊಳ್ಳಬೇಕಿದ್ದ ಮೆಮೊರಿಯ ಮಿತಿ 640 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇದಕ್ಕಿಂತ ದೊಡ್ಡದಿರುತ್ತೆ!

ಜಾಗ ಕಡಿಮೆ ಅನ್ನೋದಷ್ಟೇ ಅಲ್ಲ. ಡಾಸ್‌ಗೆ ಒಂದು ಸಲಕ್ಕೆ ಒಂದೇ ಕೆಲಸ ಗೊತ್ತಿತ್ತು. ಒಬ್ಬ ಅಕೌಂಟೆಂಟ್ ಲೋಟಸ್ 1-2-3ರಲ್ಲಿ ಲೆಕ್ಕ ಹಾಕ್ತಾ ಕೂತಿದ್ದಾನೆ ಅಂದುಕೊಳ್ಳಿ. ಫೋನ್ ಬಂತು. ಒಂದು ನಂಬರ್ ಬರೆದುಕೊಳ್ಳಬೇಕು. ಕಂಪ್ಯೂಟರಿನಲ್ಲೇ ಬರೀತೀನಿ ಅಂದ್ರೆ ಲೆಕ್ಕದ ಫೈಲ್ ಸೇವ್ ಮಾಡಬೇಕು, ಲೋಟಸ್‌ನಿಂದ ಹೊರಗೆ ಬರಬೇಕು, ಬೇರೆ ಫ್ಲಾಪಿ ಹಾಕಿ ಬರೆಯೋ ಪ್ರೋಗ್ರಾಂ ಶುರು ಮಾಡಬೇಕು. ಮುಗಿದ ಮೇಲೆ ಇದೆಲ್ಲ ಉಲ್ಟಾ. ಹಾಗಾಗಿ ಏನಾಗ್ತಿತ್ತು ಗೊತ್ತಾ? ಸಾವಿರಾರು ಡಾಲರ್ ಯಂತ್ರದ ಪಕ್ಕದಲ್ಲೇ ಒಂದು ಕಾಗದದ ಪ್ಯಾಡು, ಪೆನ್ನು, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂರಬೇಕಿತ್ತು.

ಈ ಪ್ಯಾಡು, ಪೆನ್ನು, ಕ್ಯಾಲ್ಕುಲೇಟರನ್ನು ಪರದೆಯೊಳಗೆ ತಂದು ಕೂರಿಸಿದ ಕಂಪನಿಯ ಹೆಸರು ಬೋರ್ಲ್ಯಾಂಡ್. ಕ್ಯಾಲಿಫೋರ್ನಿಯಾದ ಸ್ಕಾಟ್ಸ್ ವ್ಯಾಲಿಯಲ್ಲಿತ್ತು. ಕಟ್ಟಿದವರು ಫಿಲಿಪ್ ಕಾನ್, ಫ್ರಾನ್ಸ್‌ನಿಂದ ಹೋದವರು, ಗಣಿತ ಓದಿದವರು. 1983ರಲ್ಲಿ ಟರ್ಬೋ ಪ್ಯಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಸಾಧನವನ್ನು 49.95 ಡಾಲರಿಗೆ ಮಾರಿ, ಅಂಥದ್ದಕ್ಕೆ ನೂರಾರು ಡಾಲರ್ ಕೇಳ್ತಿದ್ದವರ ನಿದ್ದೆ ಕೆಡಿಸಿದವರು. 1984ರಲ್ಲಿ ಅದೇ ಕಂಪನಿ ಸೈಡ್‌ಕಿಕ್ ಬಿಡುಗಡೆ ಮಾಡಿತು. ಲೋಟಸ್ ಒಳಗಿರಿ, ಇನ್ಯಾವುದೋ ಪ್ರೋಗ್ರಾಂ ಒಳಗಿರಿ, ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಕೆಲಸ ಅಲ್ಲೇ ನಿಲ್ಲುತ್ತಿತ್ತು, ಪರದೆಯ ಮೇಲೆ ನೋಟ್‌ಪ್ಯಾಡ್, ಕ್ಯಾಲ್ಕುಲೇಟರ್, ಕ್ಯಾಲೆಂಡರ್ ತೆರೆದುಕೊಳ್ಳುತ್ತಿತ್ತು. ಬರೆದು ಮುಚ್ಚಿದರೆ ಹಳೇ ಲೆಕ್ಕ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತಿತ್ತು.

ಒಂದೇ ಕೆಲಸ ಗೊತ್ತಿದ್ದ ಯಂತ್ರದಲ್ಲಿ ಇದು ಸಾಧ್ಯವಾಗಿದ್ದು ಹೇಗೆ? ನನ್ನ ಕೆಲಸದಿಂದಲೇ ಉದಾಹರಣೆ ಕೊಡ್ತೀನಿ. ನಾನು ಸುದ್ದಿ ಓದುವಾಗ ಕಿವಿಯಲ್ಲೊಂದು ಇಯರ್‌ಪೀಸ್ ಇರುತ್ತೆ. ಓದ್ತಾ ಇರೋದು ನಾನೇ, ಆದರೆ ಒಳಗಿನಿಂದ ಪ್ರೊಡ್ಯೂಸರ್ ‘ಬ್ರೇಕಿಂಗ್ ಇದೆ’ ಅಂದರೆ, ಓದಿದ ಜಾಗ ನೆನಪಿಟ್ಟುಕೊಂಡು ಆ ಕಡೆ ಹೋಗಿ ಮತ್ತೆ ವಾಪಸ್ ಬರ್ತೀನಿ. ಚಿಪ್‌ನಲ್ಲೂ ಇಂಥ ಇಯರ್‌ಪೀಸ್ ಇತ್ತು. ಅದರ ಹೆಸರು ಇಂಟರಪ್ಟ್. ನೀವು ಕೀಲಿ ಒತ್ತಿದಾಗ ಚಿಪ್ ಕೈಯಲ್ಲಿನ ಕೆಲಸ ನಿಲ್ಲಿಸಿ ಒಂದು ವಿಳಾಸ ಪಟ್ಟಿ ನೋಡುತ್ತಿತ್ತು. ಮೆಮೊರಿಯ ಮೊದಲ 1024 ಬೈಟ್‌ಗಳಲ್ಲಿ 256 ವಿಳಾಸ. ಕೀಲಿ ಒತ್ತಿದರೆ ಯಾರನ್ನು ಕರೀಬೇಕು, ಗಡಿಯಾರ ಮಿಡಿದರೆ ಯಾರನ್ನು ಕರೀಬೇಕು, ಎಲ್ಲ ಅಲ್ಲೇ ಬರೆದಿತ್ತು. ಸೈಡ್‌ಕಿಕ್ ಮಾಡಿದ್ದಿಷ್ಟೇ: ಆ ಪಟ್ಟಿಯಲ್ಲಿದ್ದ ಹಳೇ ವಿಳಾಸ ನೆನಪಿಟ್ಟುಕೊಂಡು, ಅಲ್ಲಿ ತನ್ನದನ್ನು ಬರೆಯಿತು. ತನಗೆ ಬೇಕಾದ ಕೀಲಿ ಬಂದರೆ ತಾನು ಎದ್ದು ನಿಲ್ಲೋದು, ಇಲ್ಲದಿದ್ದರೆ ಹಳಬರಿಗೆ ದಾಟಿಸೋದು.

ಇನ್ನೊಂದು ತೊಡಕಿತ್ತು. ಡಾಸ್ ಒಂದು ಕೆಲಸದ ಮಧ್ಯೆ ಇರುವಾಗ ಅದನ್ನೇ ಮತ್ತೆ ಕರೆದರೆ ಎಲ್ಲ ಕಲಸಿಹೋಗುತ್ತಿತ್ತು. ‘ಡಾಸ್ ಈಗ ಒಳಗಿದೆಯೇ’ ಅಂತ ತಿಳಿಸೋ ಒಂದು ಗುರುತು ಮೆಮೊರಿಯಲ್ಲಿತ್ತು. ಅದನ್ನು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲಿ ಬರೆದಿರಲಿಲ್ಲ! ಹೊರಗಿನವರು ಡಾಸ್‌ನ ಒಳಗನ್ನು ಬಗೆದು ನೋಡಿ ಪತ್ತೆ ಹಚ್ಚಿದರು. 1990ರಲ್ಲಿ ‘ಅನ್‌ಡಾಕ್ಯುಮೆಂಟೆಡ್ ಡಾಸ್’ ಅನ್ನೋ ಇಡೀ ಪುಸ್ತಕವೇ ಬಂತು. ಮನೆ ಕಟ್ಟಿದವನು ಬೀಗದ ಕೈ ಎಲ್ಲಿದೆ ಅಂತ ಹೇಳದಿದ್ದರೆ ಬಾಡಿಗೆದಾರರು ಹುಡುಕಿಕೊಳ್ಳದೇ ಬಿಡ್ತಾರಾ?

ಯಂತ್ರಕ್ಕೂ ಪ್ರೋಗ್ರಾಂಗೂ ನಡುವೆ ಕೂತು ಕೆಲಸ ಮಾಡೋ ಈ ಯೋಚನೆಗೆ ನಮ್ಮ ಭಾಷೆಯ ನಂಟೂ ಇದೆ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಅಂಥದ್ದೇ. ಅದು ಸಾಫ್ಟ್‌ವೇರ್ ಅಲ್ಲ, ಪಿಸಿಯೊಳಗೆ ಸಿಕ್ಕಿಸುವ ಹಾರ್ಡ್‌ವೇರ್. ಆದರೆ ಉದ್ದೇಶ ಒಂದೇ: ಬೇರೆಯವರು ಇಂಗ್ಲಿಷಿಗೆಂದು ಬರೆದ ಡಾಸ್ ಪ್ರೋಗ್ರಾಂನ ಒಂದು ಸಾಲನ್ನೂ ಮುಟ್ಟದೆ, ಅದರಲ್ಲೇ ಕನ್ನಡ, ಹಿಂದಿ, ತಮಿಳು ಬರೆಯೋ ಹಾಗೆ ಮಾಡೋದು.

ಇಷ್ಟು ಒಳ್ಳೆಯದಾಗಿದ್ದರೆ ಎಡವಟ್ಟು ಎಲ್ಲಾಯ್ತು? ಆ ವಿಳಾಸ ಪಟ್ಟಿಗೆ ಬೀಗ ಇರಲಿಲ್ಲ. ಯಾರು ಬೇಕಾದರೂ ಬರೆಯಬಹುದಿತ್ತು. ಸೈಡ್‌ಕಿಕ್ ಗೆದ್ದ ಮೇಲೆ ಎಲ್ಲರೂ ಬಂದರು. ಕೀಲಿಗಳಿಗೆ ಹೊಸ ಕೆಲಸ ಕೊಡೋನು ಒಬ್ಬ, ಕಾಗುಣಿತ ನೋಡೋನು ಒಬ್ಬ, ಪ್ರಿಂಟಿಗೆ ಸಾಲು ನಿಲ್ಲಿಸೋನು ಇನ್ನೊಬ್ಬ. ಪ್ರತಿಯೊಬ್ಬರೂ ‘ನನಗೆ ಸ್ವಲ್ಪ ಜಾಗ ಸಾಕು’ ಅಂದವರೇ. ಎಲ್ಲರ ಸ್ವಲ್ಪ ಸೇರಿದರೆ 640 ಕಿಲೋಬೈಟ್‌ನಲ್ಲಿ ನಿಜವಾದ ಕೆಲಸಕ್ಕೇ ಜಾಗ ಇಲ್ಲ. ಸೈಡ್‌ಕಿಕ್ ತನ್ನನ್ನು ಎಲ್ಲರಿಗಿಂತ ಕೊನೆಗೆ ಲೋಡ್ ಮಾಡಿ ಅಂತ ಕೇಳುತ್ತಿತ್ತು. ಇನ್ನೊಬ್ಬನಿಗೂ ಕೊನೆಯ ಸ್ಥಾನವೇ ಬೇಕು. ಇಬ್ಬರೂ ಕೊನೆಯವರಾಗೋದು ಹೇಗೆ ಸ್ವಾಮಿ? ಕಂಪ್ಯೂಟರ್ ಹ್ಯಾಂಗ್! ಸೇವ್ ಮಾಡದ ಲೆಕ್ಕ ಮಣ್ಣುಪಾಲು.

ಒಳಗೆ ಬಿಟ್ಟುಕೊಂಡಷ್ಟು ಸುಲಭವಾಗಿ ಹೊರಗೆ ಕಳಿಸೋಕೂ ಆಗುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ವಿಳಾಸ ಬರೆದುಕೊಂಡಿದ್ದರಿಂದ ಮಧ್ಯದವನನ್ನು ತೆಗೆದರೆ ಸರಪಳಿಯೇ ಕಡಿದುಹೋಗುತ್ತಿತ್ತು. ಕಿಮ್ ಕೊಕ್ಕೊನೆನ್ ಎಂಬ ಪ್ರೋಗ್ರಾಮರ್ ಮಾರ್ಕ್ ಮತ್ತು ರಿಲೀಸ್ ಎಂಬ ಎರಡು ಪುಟ್ಟ ಪ್ರೋಗ್ರಾಂ ಬರೆದರು. ಮಾರ್ಕ್ ಆ ಪಟ್ಟಿಯ ನಕಲು ಇಟ್ಟುಕೊಳ್ಳೋದು, ರಿಲೀಸ್ ಅದನ್ನು ಮೊದಲಿನಂತೆ ಮಾಡಿ, ಆಮೇಲೆ ಬಂದವರನ್ನೆಲ್ಲ ಹೊರಗೆ ಹಾಕೋದು. ಸರ್ಕಾರ ಇಲ್ಲದ ಊರಲ್ಲಿ ಜನರೇ ಮಾಡಿಕೊಂಡ ಪಂಚಾಯ್ತಿ ಅದು.

ಬೀಗ ಇಲ್ಲದ ಊರಿಗೆ ಒಳ್ಳೆಯವರಷ್ಟೇ ಬರ್ತಾರಾ? 1986ರಲ್ಲಿ ಪಾಕಿಸ್ತಾನದ ಲಾಹೋರ್‌ನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೈನ್ ವೈರಸ್ ಹೊರಬಂತು. ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿ, ಡಾಸ್‌ಗಿಂತ ಮುಂಚೆಯೇ ಮೆಮೊರಿಯಲ್ಲಿ ಜಾಗ ಹಿಡಿದು ಕೂರುತ್ತಿತ್ತು. ಅನುಮಾನ ಬಂದು ಯಾರಾದರೂ ಆ ಭಾಗ ಓದಲು ಹೋದರೆ, ನಡುವೆ ಕೈ ಹಾಕಿ ಅಸಲಿ ಪ್ರತಿಯನ್ನೇ ತೋರಿಸುತ್ತಿತ್ತು. ‘ಏನೂ ಇಲ್ಲ ಬಿಡಿ’ ಅನ್ನೋ ಥರ! ಸೈಡ್‌ಕಿಕ್‌ನಂಥವು ಬಳಸಿದ ವಿದ್ಯೆಯೇ ಅದು, ಕೈ ಮಾತ್ರ ಬೇರೆ. ಅಂಥವರನ್ನು ಹಿಡಿಯೋಕೆ ಬಂದ ಆಂಟಿವೈರಸ್ ಕಾವಲುಗಾರರೂ ಅದೇ ಮೆಮೊರಿಯಲ್ಲಿ ಹಾಗೇ ಕೂರಬೇಕಾಯ್ತು. 1993ರ ಡಾಸ್ 6ರ ಜೊತೆ ಬಂದ ವಿಸೇಫ್ ಕೂಡ ಒಂದು ಟಿಎಸ್‌ಆರ್.

ಕೊನೆಗೆ ಸರ್ಕಾರ ಬಂತು. 1990ರಲ್ಲಿ ವಿಂಡೋಸ್ 3.0 ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ತೆರೆಯೋದನ್ನು ಮಾಮೂಲಿ ಮಾಡಿತು. 1991ರ ಡಾಸ್ 5, ಟಿಎಸ್‌ಆರ್‌ಗಳನ್ನು 640ರ ಗೆರೆಯ ಆಚೆ ಕೂರಿಸೋ ದಾರಿ ಕೊಟ್ಟಿತು. ಆಮೇಲೆ ಬಂದ ಆಪರೇಟಿಂಗ್ ಸಿಸ್ಟಂಗಳು ಒಬ್ಬರ ಮೆಮೊರಿಯನ್ನು ಇನ್ನೊಬ್ಬರು ಮುಟ್ಟದಂತೆ ಗೋಡೆ ಕಟ್ಟಿದವು. ಆ ಗೋಡೆ ಬೇಕಿತ್ತು. ಅದನ್ನು ನಾನು ಅಲ್ಲಗಳೆಯೋದಿಲ್ಲ. ಹಳೇ ಕಾಲವೇ ಚಂದ ಇತ್ತು ಅಂತ ಹಾಡೋನೂ ಅಲ್ಲ.

ಆದರೆ ಆ ಅರಾಜಕ ಊರಲ್ಲೂ ಒಂದು ಒಳ್ಳೇ ಪದ್ಧತಿ ಇತ್ತು. ಆಟೋಎಕ್ಸೆಕ್ ಅನ್ನೋ ಒಂದು ಸಾದಾ ಫೈಲ್. ಯಂತ್ರ ಶುರುವಾದಾಗ ಒಳಗೆ ಬಂದು ಕೂರಬೇಕಾದವರ ಹೆಸರನ್ನು, ಸಾಮಾನ್ಯವಾಗಿ, ಮಾಲೀಕನೇ ಅಲ್ಲಿ ಸಾಲುಸಾಲಾಗಿ ಬರೆಯುತ್ತಿದ್ದ. ಯಾರ ಮೇಲಾದರೂ ಬೇಸರ ಬಂತಾ? ಆ ಸಾಲು ಅಳಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ ಅವನಿಲ್ಲ. ಕದ್ದು ಬಂದ ವೈರಸ್ ಬಿಟ್ಟರೆ ಉಳಿದವರೆಲ್ಲ ಕರೆದು ಬಂದವರೇ.

ನಮ್ಮ ಮೊಬೈಲಿನಲ್ಲಿ ಹಿನ್ನೆಲೆಯಲ್ಲಿ ಕೂತಿರೋ ಆ್ಯಪ್‌ಗಳ ಪಟ್ಟಿ ಬರೆದವರು ಯಾರು? ನಾವಾ? ಟಾರ್ಚ್ ಹಚ್ಚೋ ಆ್ಯಪ್ ನಮ್ಮ ಲೊಕೇಶನ್ ಕೇಳುತ್ತೆ, ನಾವು ಓದದೇ ‘ಅಲೋ’ ಒತ್ತುತ್ತೇವೆ. ಬಾಗಿಲು ತೆಗೆಯೋದು ನಮ್ಮದೇ ಬೆರಳು, ಆದರೆ ಯಾರಿಗೆ ತೆಗೆದೆವು ಅನ್ನೋದೇ ನೆನಪಿರಲ್ಲ.

ಇವತ್ತು ರಾತ್ರಿ ಮಲಗೋ ಮುಂಚೆ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು ಮೈಕ್, ಕ್ಯಾಮೆರಾ, ಲೊಕೇಶನ್ ಯಾರ್ಯಾರ ಕೈಯಲ್ಲಿದೆ ಅಂತ ಒಂದೊಂದಾಗಿ ಓದಿ. ಗುರುತು ಸಿಗದವರನ್ನು ಹೊರಗೆ ಕಳಿಸಿ. ಡಾಸ್ ಕಾಲದವರು ಒಂದು ಸಾಲು ಅಳಿಸಿ ಮಾಡುತ್ತಿದ್ದ ಕೆಲಸ ಅದು.