ನಿಲ್ಲುವುದು, ಮತ್ತೆ ಮುಂದುವರಿಯುವುದು: ಕಂಟ್ರೋಲ್-ಝಡ್‌ನ ಇತಿಹಾಸ



ಇಂದು ಕಂಪ್ಯೂಟರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಿತ್ರಗಳಿಂದ ತುಂಬಿದ ಪರದೆ, ಮೌಸ್ ಮತ್ತು ಮೊಬೈಲ್. ಆದರೆ ದೊಡ್ಡ ದೊಡ್ಡ ಸರ್ವರ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರ್‌ಗಳು ಇಂದಿಗೂ ಬರೀ ಅಕ್ಷರಗಳ ಪರದೆಯ ಮುಂದೆ ಕುಳಿತು ಆಜ್ಞೆಗಳನ್ನು ಟೈಪ್ ಮಾಡುತ್ತಾರೆ. ಇದಕ್ಕೆ ಟರ್ಮಿನಲ್ ಎಂದು ಹೆಸರು. ಅಲ್ಲಿ ಒಂದು ಸಣ್ಣ ಸೌಲಭ್ಯವಿದೆ. ಕಂಟ್ರೋಲ್ ಕೀಲಿ ಹಿಡಿದು ಝಡ್ ಒತ್ತಿದರೆ ನಡೆಯುತ್ತಿರುವ ಪ್ರೋಗ್ರಾಂ ಇದ್ದಲ್ಲೇ ನಿಲ್ಲುತ್ತದೆ. ‘ಎಫ್‌ಜಿ’ ಎಂದು ಟೈಪ್ ಮಾಡಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಈ ಸಣ್ಣ ಸೌಲಭ್ಯಕ್ಕೆ ದೀರ್ಘ ಇತಿಹಾಸವಿದೆ. ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಅದರಲ್ಲಿ ಪಾಠವೂ ಇದೆ.

ಆರಂಭದ ದಿನಗಳು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಆಗ ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚು ಮಾಡುವ ಟೆಲಿಟೈಪ್ ಯಂತ್ರ. ಒಂದು ಪ್ರೋಗ್ರಾಂ ಹಿನ್ನೆಲೆಯಲ್ಲಿ ನಡೆಯಬೇಕಾದರೆ ಅದನ್ನು ಆರಂಭಿಸುವಾಗಲೇ ಹಾಗೆಂದು ಹೇಳಬೇಕಿತ್ತು. ಆರಂಭಿಸಿದ ಮೇಲೆ ಮನಸ್ಸು ಬದಲಾದರೆ ಇದ್ದದ್ದು ಎರಡೇ ದಾರಿ: ಮುಗಿಯುವವರೆಗೆ ಕಾಯುವುದು ಅಥವಾ ಪ್ರೋಗ್ರಾಂ ಅನ್ನು ಕೊಲ್ಲುವುದು.

ನಡುವೆ ತಡೆದು ನಿಲ್ಲಿಸುವ ಉಪಾಯ ಬೇರೆಡೆ ಆಗಲೇ ಇತ್ತು. ಎಂಐಟಿಯ ‘ಐಟಿಎಸ್’ ಎಂಬ ವ್ಯವಸ್ಥೆಯಲ್ಲಿ ಕಂಟ್ರೋಲ್-ಝಡ್ ಒತ್ತಿ ಕೆಲಸವನ್ನು ನಿಲ್ಲಿಸಿ, ಬಳಿಕ ಮುಂದುವರಿಸಬಹುದಿತ್ತು. ಯುನಿಕ್ಸ್‌ಗೆ ಇಂಥ ವ್ಯವಸ್ಥೆಯನ್ನು ಮೊದಲು ರೂಪಿಸಿದವರು ಆಸ್ಟ್ರಿಯಾದ ವಿಯೆನ್ನಾ ಬಳಿಯ ಲಾಕ್ಸೆನ್‌ಬುರ್ಗ್‌ನಲ್ಲಿರುವ ಐಐಎಎಸ್‌ಎ ಸಂಸ್ಥೆಯ ಜಿಮ್ ಕಲ್ಪ್. ಬಿಲ್ ಜಾಯ್ ಅವರು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಬರೆದ ‘ಸಿ ಶೆಲ್’ಗೆ ಈ ಕೆಲಸ ಸೇರಿಕೊಂಡು, 1980ರಲ್ಲಿ ಬರ್ಕ್‌ಲಿ ಯುನಿಕ್ಸ್‌ನ 4ನೇ ಆವೃತ್ತಿಯೊಂದಿಗೆ ಜಗತ್ತಿಗೆ ತಲುಪಿತು. ಇದನ್ನೇ ‘ಜಾಬ್ ಕಂಟ್ರೋಲ್’ ಎನ್ನುತ್ತಾರೆ. ಎಟಿ ಅಂಡ್ ಟಿ ಕಂಪೆನಿಯ ಸಿಸ್ಟಂ ಫೈವ್ ಯುನಿಕ್ಸ್ ಅದರ 4ನೇ ಬಿಡುಗಡೆಯವರೆಗೂ ಇದನ್ನು ಒಪ್ಪಿಕೊಳ್ಳಲಿಲ್ಲ. 1988ರ ಪಾಸಿಕ್ಸ್ ಮಾನದಂಡ ಇದನ್ನು ಐಚ್ಛಿಕವಾಗಿ ಸೇರಿಸಿತು. 2001ರ ಆವೃತ್ತಿ ಕಡ್ಡಾಯಗೊಳಿಸಿತು. ಅಂದರೆ ಒಂದು ಕೀಲಿಯ ಕೆಲಸ ಎಲ್ಲರಿಗೂ ಒಪ್ಪಿಗೆಯಾಗಲು ಎರಡು ದಶಕ ಬೇಕಾಯಿತು.

ಪರದೆ ಯಾರದು?

ಇದಕ್ಕೆ ಇಷ್ಟೊಂದು ಕಷ್ಟ ಯಾಕೆ ಎಂದು ನೀವು ಕೇಳಬಹುದು. ನಮ್ಮ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಬಸ್ಸುಗಳು ಹಲವು, ಆದರೆ ಒಂದು ಪ್ಲಾಟ್‌ಫಾರಂನಲ್ಲಿ ಒಂದು ಹೊತ್ತಿಗೆ ಒಂದೇ ಬಸ್ಸಿಗೆ ಜಾಗ. ಟರ್ಮಿನಲ್ ಕೂಡ ಹಾಗೆಯೇ. ಪ್ರೋಗ್ರಾಂಗಳು ಎಷ್ಟಿದ್ದರೂ ಕೀಲಿಮಣೆ ಒಂದೇ, ಪರದೆ ಒಂದೇ. ಯಾರ ಸರದಿ ಎಂದು ನಿರ್ಧರಿಸುವುದು ಶೆಲ್. ಸರದಿ ಸಿಕ್ಕಿದ ಪ್ರೋಗ್ರಾಂ ‘ಮುನ್ನೆಲೆ’ಯಲ್ಲಿದೆ, ಉಳಿದವು ‘ಹಿನ್ನೆಲೆ’ಯಲ್ಲಿವೆ. ಹಿನ್ನೆಲೆಯ ಪ್ರೋಗ್ರಾಂ ಕೀಲಿಮಣೆಯಿಂದ ಓದಲು ಹೊರಟರೆ ಯುನಿಕ್ಸ್ ಅದನ್ನು ತಡೆದು ನಿಲ್ಲಿಸುತ್ತದೆ.

ಬರೀ ಸಾಲು ಸಾಲಾಗಿ ಉತ್ತರ ಬರೆಯುವ ಪ್ರೋಗ್ರಾಂಗೆ ಇದರಿಂದ ತೊಂದರೆಯಿಲ್ಲ. ಆದರೆ 1970ರ ದಶಕದಲ್ಲಿ ಬಿಲ್ ಜಾಯ್ ಅವರೇ ಬರೆದ ‘ವಿಐ’ ಸಂಪಾದಕದಂಥ ಪ್ರೋಗ್ರಾಂಗಳು ಇಡೀ ಪರದೆಯನ್ನೇ ವಶಪಡಿಸಿಕೊಳ್ಳುತ್ತವೆ. ಒತ್ತಿದ ಅಕ್ಷರ ತಾನಾಗಿ ಪರದೆಯ ಮೇಲೆ ಮೂಡದಂತೆ, ಎಂಟರ್ ಒತ್ತುವವರೆಗೆ ಕಾಯದಂತೆ ಟರ್ಮಿನಲ್‌ನ ವರ್ತನೆಯನ್ನೇ ಬದಲಾಯಿಸುತ್ತವೆ. ಹಾಗೆ ಬದಲಾಯಿಸಿದ ಸ್ಥಿತಿಯಲ್ಲೇ ನಿಂತುಬಿಟ್ಟರೆ ಮುಂದಿನವರ ಗತಿಯೇನು? ಟೈಪ್ ಮಾಡಿದ್ದು ಕಾಣುವುದಿಲ್ಲ, ಎಂಟರ್ ಕೆಲಸ ಮಾಡುವುದಿಲ್ಲ, ಕಂಪ್ಯೂಟರ್ ಕೆಟ್ಟಿತೆಂದೇ ಬಳಕೆದಾರ ತಿಳಿಯುತ್ತಾನೆ.

ನಿಲ್ಲುವ ಕ್ರಮ

ಆದ್ದರಿಂದ ಸರಿಯಾಗಿ ಬರೆದ ಪ್ರೋಗ್ರಾಂ ಒಂದು ಕ್ರಮವನ್ನು ಪಾಲಿಸುತ್ತದೆ. ಕಂಟ್ರೋಲ್-ಝಡ್ ಒತ್ತಿದಾಗ ಬರುವ ಸಂಕೇತದ ಹೆಸರು ‘ಸಿಗ್‌ಟಿಎಸ್‌ಟಿಪಿ’. ಅದು ಬಂದೊಡನೆ ಪ್ರೋಗ್ರಾಂ ಕರ್ಸರ್ ಅನ್ನು ಪರದೆಯ ಕೆಳಗೆ ಒಯ್ಯಬೇಕು. ಆರಂಭದಲ್ಲಿ ನೆನಪಿಟ್ಟುಕೊಂಡಿದ್ದ ಟರ್ಮಿನಲ್‌ನ ಮೂಲ ಸ್ಥಿತಿಯನ್ನು ಮರಳಿ ಸ್ಥಾಪಿಸಬೇಕು. ಬಳಿಕ ಆ ಸಂಕೇತವನ್ನು ಹಿಡಿಯುವುದನ್ನು ಬಿಟ್ಟು, ಅದನ್ನೇ ತನಗೆ ತಾನು ಮತ್ತೊಮ್ಮೆ ಕಳುಹಿಸಿಕೊಂಡು ನಿಜವಾಗಿಯೂ ನಿಲ್ಲಬೇಕು. ಈ ಕೊನೆಯ ಹೆಜ್ಜೆ ಮುಖ್ಯ. ಪ್ರೋಗ್ರಾಂ ನಿಜವಾಗಿ ನಿಂತರೆ ಮಾತ್ರ ಶೆಲ್‌ಗೆ ಸುದ್ದಿ ತಲುಪಿ, ಅದು ಟರ್ಮಿನಲ್ ಅನ್ನು ವಾಪಸು ಪಡೆಯುತ್ತದೆ.

‘ಸಿಗ್‌ಸ್ಟಾಪ್’ ಎಂಬ ಇನ್ನೊಂದು ಸಂಕೇತವಿದೆ. ಅದನ್ನು ಯಾವ ಪ್ರೋಗ್ರಾಂ ಕೂಡ ಹಿಡಿಯಲಾರದು, ಸಿದ್ಧತೆಗೆ ಸಮಯವೂ ಸಿಗದು. ಹಾಗೆ ಟರ್ಮಿನಲ್ ಅಸ್ತವ್ಯಸ್ತವಾದಾಗ ‘ರೀಸೆಟ್’ ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಾಣದಿದ್ದರೂ ಟೈಪ್ ಮಾಡಿ; ಎಂಟರ್ ನಡೆಯದಿದ್ದರೆ ಕಂಟ್ರೋಲ್-ಜೆ ಒತ್ತಿ.

ಮರಳುವ ಕ್ರಮ

ಮರಳುವುದು ನಿಲ್ಲುವುದಕ್ಕಿಂತ ಸೂಕ್ಷ್ಮ. ‘ಸಿಗ್‌ಕಾಂಟ್’ ಎಂಬ ಸಂಕೇತ ಬಂದಾಗ ಪ್ರೋಗ್ರಾಂ ಎಚ್ಚರಗೊಳ್ಳುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ ಬೇರೆಯವರು ಏನೇನೋ ಬರೆದಿರುತ್ತಾರೆ. ವಿಂಡೋದ ಅಳತೆಯೂ ಬದಲಾಗಿರಬಹುದು. ಅಳತೆ ಬದಲಾದ ಸುದ್ದಿ ಮುನ್ನೆಲೆಯಲ್ಲಿರುವ ಪ್ರೋಗ್ರಾಂಗೆ ಮಾತ್ರ ಹೋಗುವುದರಿಂದ ನಿಂತಿದ್ದವನಿಗೆ ಅದು ಗೊತ್ತೇ ಇರುವುದಿಲ್ಲ. ಆದ್ದರಿಂದ ಎದ್ದ ಪ್ರೋಗ್ರಾಂ ತಾನು ಮುನ್ನೆಲೆಯಲ್ಲಿದ್ದೇನೆಯೇ ಎಂದು ಮೊದಲು ನೋಡಬೇಕು. ಏಕೆಂದರೆ ‘ಬಿಜಿ’ ಆಜ್ಞೆಯಿಂದ ಅದನ್ನು ಹಿನ್ನೆಲೆಯಲ್ಲೂ ಎಬ್ಬಿಸಬಹುದು. ಆಗ ಟರ್ಮಿನಲ್ ಮುಟ್ಟುವ ಹಕ್ಕು ಅದಕ್ಕಿಲ್ಲ. ಮುನ್ನೆಲೆಯಲ್ಲಿದ್ದರೆ ತನಗೆ ಬೇಕಾದ ಸ್ಥಿತಿಗೆ ಟರ್ಮಿನಲ್ ಅನ್ನು ತಂದು, ಅಳತೆಯನ್ನು ಹೊಸದಾಗಿ ಕೇಳಿ, ಇಡೀ ಪರದೆಯನ್ನು ಮೊದಲಿನಿಂದ ಬರೆಯಬೇಕು. ಇಂದು ‘ಎನ್‌ಕರ್ಸಸ್’ ಎಂಬ ಗ್ರಂಥಾಲಯ ಈ ಕೆಲಸದ ಬಹುಭಾಗವನ್ನು ತಾನೇ ಮಾಡಿಕೊಡುತ್ತದೆ. ಆದರೂ ಒಳಗೆ ನಡೆಯುವುದೇನೆಂದು ತಿಳಿದಿರುವುದು ಒಳ್ಳೆಯದು.

ಬ್ಯಾಂಕಿನ ಉದಾಹರಣೆ

ನಮ್ಮ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕ್ (2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನ) ಮತ್ತು ಅದೇ ವರ್ಷ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕ್ ನಿಮಗೆ ಗೊತ್ತು. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿ ವರದಿ ನೀಡಿದ ನಂತರ ದೇಶದ ಬ್ಯಾಂಕುಗಳಲ್ಲಿ ಗಣಕೀಕರಣ ವೇಗ ಪಡೆಯಿತು. ಅನೇಕ ಶಾಖೆಗಳ ಕೌಂಟರ್‌ಗಳಲ್ಲಿ ಬಹುಕಾಲ ಇದ್ದದ್ದು ಅಕ್ಷರಗಳ ಪರದೆಯೇ.

ಅಂಥ ಕೌಂಟರ್‌ನಲ್ಲಿ ಒಂದು ಖಾತೆಯನ್ನು ತೆರೆದು, ಬೇರೆಯವರು ಅದನ್ನು ತಿದ್ದದಂತೆ ಬೀಗ ಹಾಕಿ, ನಡುವೆ ಪ್ರೋಗ್ರಾಂ ನಿಲ್ಲಿಸಿ ಗುಮಾಸ್ತರು ಊಟಕ್ಕೆ ಹೋದರೆಂದು ಊಹಿಸಿ. ನಿಂತ ಪ್ರೋಗ್ರಾಂ ಬೀಗವನ್ನು ಬಿಟ್ಟುಕೊಡುವುದಿಲ್ಲ. ಪಕ್ಕದ ಕೌಂಟರ್‌ನಲ್ಲಿ ಅದೇ ಖಾತೆಯ ಗ್ರಾಹಕ ಕಾಯುತ್ತಲೇ ಇರಬೇಕಾಗುತ್ತದೆ. ಬೀಗವೇ ಇಲ್ಲದಿದ್ದರೆ ಇನ್ನೂ ಅಪಾಯ: ಮರಳಿ ಬಂದ ಪ್ರೋಗ್ರಾಂ ಹಳೆಯ ಶಿಲ್ಕನ್ನೇ ನಿಜವೆಂದು ನಂಬಿ ಲೆಕ್ಕ ಬರೆಯುತ್ತದೆ. ಹಾಗಾಗಿ ಇಂಥಲ್ಲಿ ನಿಲ್ಲುವ ಮುನ್ನ ವ್ಯವಹಾರವನ್ನು ಮುಗಿಸಬೇಕು ಅಥವಾ ರದ್ದುಮಾಡಬೇಕು. ಇಲ್ಲವೇ ಆ ಪ್ರೋಗ್ರಾಂನಲ್ಲಿ ಕಂಟ್ರೋಲ್-ಝಡ್ ಕೆಲಸ ಮಾಡದಂತೆ ಮೊದಲೇ ತಡೆಯಬೇಕು. ನಿಲ್ಲಲು ಬಿಡದಿರುವುದೂ ಕೆಲವೊಮ್ಮೆ ಸರಿಯಾದ ತೀರ್ಮಾನವೇ.

ನೀವೂ ಮಾಡಿ ನೋಡಿ

ಇದನ್ನು ಕಲಿಯಲು ದುಬಾರಿ ಯಂತ್ರ ಬೇಡ. ಹಳೆಯ ಕಂಪ್ಯೂಟರ್‌ಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಸಾಕು. ವಿಐ ತೆರೆದು ನಾಲ್ಕು ಸಾಲು ಬರೆಯಿರಿ, ಕಂಟ್ರೋಲ್-ಝಡ್ ಒತ್ತಿ, ‘ಜಾಬ್ಸ್’ ಎಂದು ಕೇಳಿ, ವಿಂಡೋದ ಅಳತೆ ಬದಲಿಸಿ, ‘ಎಫ್‌ಜಿ’ ಕೊಡಿ. ನಿಮ್ಮ ಸಾಲುಗಳು ಹೊಸ ಅಳತೆಗೆ ಹೊಂದಿಕೊಂಡು ಮರಳಿ ಬರುತ್ತವೆ. ಆಮೇಲೆ ನೀವೇ ಬರೆದ ಪ್ರೋಗ್ರಾಂನಲ್ಲಿ ಇದನ್ನೇ ಪರೀಕ್ಷಿಸಿ.

ಎರವಲು ಪಡೆದ ಟರ್ಮಿನಲ್ ಅನ್ನು ಪಡೆದಂತೆಯೇ ಹಿಂದಿರುಗಿಸಬೇಕು. ಮರಳಿ ಬಂದಾಗ ಎಲ್ಲವೂ ಮೊದಲಿನಂತೆಯೇ ಇದೆ ಎಂದು ತಿಳಿಯಬಾರದು. 1980ರಿಂದ ಇಂದಿನವರೆಗೆ ಕಂಪ್ಯೂಟರ್‌ಗಳು ಎಷ್ಟೋ ಬದಲಾಗಿವೆ, ಆದರೆ ಈ ಎರಡು ನಿಯಮಗಳು ಬದಲಾಗಿಲ್ಲ. ನಾಳೆ ನೀವು ಯಾವ ಕಂಪೆನಿಯಲ್ಲಿ, ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆದರೂ ಇವು ನಿಮ್ಮ ಉಪಯೋಗಕ್ಕೆ ಬರುತ್ತವೆ.