ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ನಾದ

ಮನೆಯಲ್ಲಿ ರೇಡಿಯೋ ಇದೆ, ಸ್ಟೀರಿಯೋ ಯಂತ್ರವೂ ಇದೆ. ಆದರೆ ಮೃದಂಗದ ಗುಮುಕಿ ಕಿವಿಗೆ ತಲುಪುವುದೇ ಇಲ್ಲ, ಪಿಟೀಲು ಕೀರಲಾಗಿ ಕೇಳುತ್ತದೆ. ಸ್ಪೀಕರುಗಳನ್ನು ಬದಲಾಯಿಸೋಣವೆಂದು ಅಂಗಡಿಗೆ ಹೋದರೆ ಬೆಲೆ ಕೇಳಿ ಎದೆ ಝಲ್ಲೆನ್ನುತ್ತದೆ. ಮಿತವಾದ ಹಣದಲ್ಲಿ ಒಳ್ಳೆಯ ನಾದ ಸಾಧ್ಯವೆ? ಈ ಪ್ರಶ್ನೆ ನಿಮ್ಮದೊಂದೇ ಅಲ್ಲ. ಅದಕ್ಕೊಂದು ಇತಿಹಾಸವುಂಟು, ಆ ಇತಿಹಾಸದಲ್ಲಿಯೇ ಉತ್ತರವೂ ಉಂಟು.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು ಹೊಸ ಮಾದರಿಯ ಧ್ವನಿವರ್ಧಕವನ್ನು ಲೋಕಕ್ಕೆ ತಿಳಿಸಿದರು. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ. ಅದಕ್ಕೆ ಅಂಟಿಸಿದ ಕಾಗದದ ಶಂಕು. ಸುರುಳಿ ಅಲುಗಿದರೆ ಶಂಕು ಗಾಳಿಯನ್ನು ತಳ್ಳುತ್ತದೆ. ಇಂದಿಗೂ ನಮ್ಮ ಮನೆಗಳ ಸ್ಪೀಕರುಗಳಲ್ಲಿ ಬಹುಪಾಲು ಈ ತತ್ತ್ವದವೇ.

ಆದರೆ ಒಂದು ತೊಡಕು. ಶಂಕು ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನದನ್ನು ಸೆಳೆಯುತ್ತದೆ. ಮಂದ್ರಸ್ಥಾಯಿಯಲ್ಲಿ ಈ ಎರಡೂ ಕೂಡಿ ಒಂದನ್ನೊಂದು ಅಳಿಸಿಬಿಡುತ್ತವೆ. ಆದ್ದರಿಂದಲೇ ಶಂಕುವನ್ನು ಪೆಟ್ಟಿಗೆಯಲ್ಲಿ ಕೂರಿಸುವುದು. ಪೆಟ್ಟಿಗೆ ಚಿಕ್ಕದಾದರೆ ಒಳಗಿನ ಗಾಳಿ ಬಿಗಿಯಾಗಿ, ಶಂಕುವನ್ನು ತಡೆದು, ಮಂದ್ರವನ್ನು ನುಂಗುತ್ತದೆ. ಹೀಗಾಗಿ 1950ರ ಸುಮಾರಿನಲ್ಲಿ ಒಳ್ಳೆಯ ನಾದ ಬೇಕೆಂದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳಬೇಕಾಗಿತ್ತು. ಹಣ ಮತ್ತು ವಿಶಾಲವಾದ ಹಜಾರ ಎರಡೂ ಇದ್ದವರ ಸೊತ್ತು ಅದು.

ಈ ಗಂಟನ್ನು ಬಿಡಿಸಿದವರು ಎಡ್ಗರ್ ವಿಲ್ಚರ್. ನ್ಯೂಯಾರ್ಕಿನಲ್ಲಿ ಧ್ವನಿಶಾಸ್ತ್ರದ ಪಾಠ ಹೇಳುತ್ತಿದ್ದ ಅವರು ಪ್ರಶ್ನೆಯನ್ನೇ ತಿರುಗಿಸಿ ನೋಡಿದರು. ಪೆಟ್ಟಿಗೆಯ ಗಾಳಿ ಶತ್ರುವೆಂದು ಏಕೆ ತಿಳಿಯಬೇಕು? ಅದನ್ನೇ ಸ್ಪ್ರಿಂಗಾಗಿ ಬಳಸಬಾರದೇಕೆ? ಶಂಕುವಿನ ಅಂಚನ್ನು ಬಹಳ ಮೆತ್ತಗೆ ಮಾಡಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರು. ಬಿರುಸಾದ ಅಂಚಿಗಿಂತ ಗಾಳಿಯ ಸ್ಪ್ರಿಂಗು ಸಮವಾಗಿ ಎಳೆಯುವುದರಿಂದ ಮಂದ್ರವೂ ಇಳಿಯಿತು, ವಿಕಾರವೂ ತಗ್ಗಿತು. 1954ರಲ್ಲಿ, ತಮ್ಮ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಅವರೊಡನೆ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆ ಕಟ್ಟಿ ಎ.ಆರ್.-1 ಎಂಬ ಸ್ಪೀಕರನ್ನು ಹೊರತಂದರು. ಅದರ ಉದ್ದ ಸುಮಾರು 25 ಅಂಗುಲ. ಪುಸ್ತಕದ ಕಪಾಟಿನ ಮೇಲೆ ಇಡಬಹುದಾದದ್ದು.

ಕಾಲವೂ ಕೂಡಿಬಂದಿತು. ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ 1931ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದ ಸ್ಟೀರಿಯೋ ವಿಧಾನ 1958ರ ವೇಳೆಗೆ ಗ್ರಾಮಫೋನ್ ತಟ್ಟೆಗಳಾಗಿ ಅಂಗಡಿಗೆ ಬಂದಿತು. ಈಗ ಒಂದಲ್ಲ, ಎರಡು ಪೆಟ್ಟಿಗೆ ಬೇಕು. ಒಂದು ಬೀರುವಿಗೇ ಜಾಗವಿಲ್ಲದ ಮನೆಯಲ್ಲಿ ಎರಡನ್ನು ಇಡುವುದೆಲ್ಲಿ? ಸಣ್ಣ ಪೆಟ್ಟಿಗೆ ಮನೆಮನೆಗೆ ಹೊಕ್ಕಿತು. ಅದೇ ಸಂಸ್ಥೆ ಇನ್ನೂ ಅಗ್ಗದ ಮಾದರಿಗಳನ್ನು ತಂದಿತು. ಒಳಗಿನ ಸ್ಪೀಕರು ಅದೇ ಇದ್ದು, ಪಾಲಿಷ್ ಇಲ್ಲದ ಬರಿಯ ಮರದ ಪೆಟ್ಟಿಗೆಯನ್ನು ಕಡಮೆ ಬೆಲೆಗೆ ಮಾರಿದ್ದೂ ಉಂಟು.

ಇಲ್ಲಿ ಮೊದಲ ಪಾಠ: ಹಣವನ್ನು ನಾದಕ್ಕೆ ಕೊಡಿ, ಮೆರುಗಿಗೆ ಕೊಡಬೇಡಿ.

ಎರಡನೆಯ ಪಾಠವನ್ನು ಹೇಳಿದವರು ಜೋಸೆಫ್ ಆಂಟನ್ ಹಾಫ್‌ಮನ್. ಕ್ಲಾಸ್ 1957ರಲ್ಲಿ ಇತರರೊಡನೆ ಸ್ಥಾಪಿಸಿದ ಕೆ.ಎಲ್.ಎಚ್. ಸಂಸ್ಥೆಯ ಕೊನೆಯ ಅಕ್ಷರ ಅವರದೇ. ಸಣ್ಣ ಗಾತ್ರ, ಆಳವಾದ ಮಂದ್ರ, ಕಡಮೆ ವಿದ್ಯುತ್ತಿನಲ್ಲಿ ಗಟ್ಟಿಯಾದ ಸದ್ದು—ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಅಲ್ಲ ಎಂಬುದು ಅವರ ಸೂತ್ರದ ಸಾರ. ವಿಲ್ಚರ್ ಅವರ ಪೆಟ್ಟಿಗೆಯೂ ಇದಕ್ಕೆ ಹೊರತಲ್ಲ. ಅದಕ್ಕೆ ಶಕ್ತಿಯುಳ್ಳ ಆಂಪ್ಲಿಫಯರು ಬೇಕಾಗಿತ್ತು. ಅಂಗೈಯಗಲದ ಪೆಟ್ಟಿಗೆಯಲ್ಲಿ ಗುಡುಗು ತುಂಬಿದೆಯೆಂದು ಯಾರಾದರೂ ಹೇಳಿದರೆ ಈ ಸೂತ್ರವನ್ನು ಜ್ಞಾಪಿಸಿಕೊಳ್ಳಿ.

ಹಾಗಾದರೆ ನೀವು ಮಾಡಬೇಕಾದುದೇನು? ನಿಮ್ಮ ಆಂಪ್ಲಿಫಯರಿನ ಶಕ್ತಿ ಕಡಮೆಯಿದ್ದರೆ, ಅಲ್ಪ ಶಕ್ತಿಯಲ್ಲಿ ಗಟ್ಟಿಯಾಗಿ ನುಡಿಯುವ ಸ್ಪೀಕರನ್ನೇ ಆರಿಸಿ. ಮಂದ್ರ ಕೊಂಚ ತಗ್ಗಿದರೂ ಚಿಂತೆಯಿಲ್ಲ. ಓಮ್ ಎಂಬ ಅಳತೆ ಎರಡಕ್ಕೂ ಹೊಂದುವುದೇ ಎಂದು ಕೇಳಿ ತಿಳಿಯಿರಿ. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡನ್ನೇ ಅಂಗಡಿಯಲ್ಲಿ ನುಡಿಸಿ ಕೇಳಿ. ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದನ್ನು ಸಮ ಮಾಡಿಸಿ. ಗಟ್ಟಿಯಾದದ್ದೇ ಚೆನ್ನೆಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಮನೆಗೆ ತಂದ ಮೇಲೆ ಪೆಟ್ಟಿಗೆಗಳನ್ನು ಗೋಡೆಯ ಹತ್ತಿರಕ್ಕೂ ದೂರಕ್ಕೂ ಸರಿಸಿ ನೋಡಿ. ಗೋಡೆಗೆ ಹತ್ತಿರವಾದಷ್ಟೂ ಮಂದ್ರ ಹೆಚ್ಚುತ್ತದೆ; ಮೂಲೆಗೆ ತಳ್ಳಿದರೆ ಗುಂಯ್‌ಗುಡಲೂಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ.

ವಿಲ್ಚರ್ 1967ರಲ್ಲಿ ಸಂಸ್ಥೆಯನ್ನು ಮಾರಿ, ಕಿವಿ ಮಂದವಾದವರ ಶ್ರವಣಯಂತ್ರಗಳ ಸಂಶೋಧನೆಗೆ ತೊಡಗಿದರು. 2011ರಲ್ಲಿ ತೀರಿಕೊಂಡರು. ಒಳ್ಳೆಯ ನಾದ ಕೇಳುವ ಭಾಗ್ಯ ಸಾಧಾರಣ ಮನೆಗಳಿಗೂ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.