244, 245, 250: ಹೆಸರು ಮಾರಾಟಕ್ಕಿದ್ದ ವರ್ಷ

ಬಾಹ್ಯಾಕಾಶದ ವಿಡಿಯೋ ಗೇಮುಗಳಲ್ಲಿ ಹೆಸರಿಡುವುದೂ ಆಟದ ಒಂದು ಭಾಗ. ‘ನೋ ಮ್ಯಾನ್ಸ್ ಸ್ಕೈ’ ಗೇಮಿನಲ್ಲಿ ಒಂದು ನಕ್ಷತ್ರ ಮಂಡಲವನ್ನು ಮೊದಲು ಕಂಡ ಆಟಗಾರ ಅದಕ್ಕೆ ತನಗೆ ಬೇಕಾದ ಹೆಸರು ಕೊಡಬಹುದು. ಅದೇ ಹಕ್ಕನ್ನು ದುಡ್ಡು ಕೊಟ್ಟವರಿಗೂ ಮಾರಬಹುದೇ? ಕಂಡವನದೋ, ಕಾಸು ಕೊಟ್ಟವನದೋ ಹೆಸರಿಡುವ ಹಕ್ಕು? ಕಂಪ್ಯೂಟರಿಗಿಂತ ಬಹಳ ಹಳೆಯ ಪ್ರಶ್ನೆಯಿದು. 1885ರಲ್ಲಿ ನಿಜವಾದ ಆಕಾಶದ ವಿಷಯದಲ್ಲೇ ಇದು ಎದ್ದಿತ್ತು. ಆ ಕಥೆಯ ಒಂದು ತುದಿ ವಿಯೆನ್ನಾದಲ್ಲಿದ್ದರೆ ಇನ್ನೊಂದು ತುದಿ ಮದರಾಸಿನಲ್ಲಿತ್ತು.

ಚೆನ್ನೈನ ನುಂಗಂಬಾಕ್ಕಂನಲ್ಲಿ, ಈಗಿನ ಹವಾಮಾನ ಕೇಂದ್ರದ ಆವರಣದಲ್ಲಿ, ಒಂದು ಗ್ರಾನೈಟ್ ಕಂಬ ಉಳಿದಿದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯದ ಉಪಕರಣವನ್ನು ಹೊತ್ತಿದ್ದ ಕಂಬ ಅದು. ಕಟ್ಟಿಸಿದವರ ಹೆಸರನ್ನು ಅದರ ಮೇಲೆ ಲ್ಯಾಟಿನ್, ತಮಿಳು, ತೆಲುಗು ಮುಂತಾದ ಭಾಷೆಗಳಲ್ಲಿ ಕೊರೆಸಿದರು. ಸಾವಿರ ವರ್ಷ ಕಳೆದರೂ ಈ ವಿದ್ಯೆಯನ್ನು ಇಲ್ಲಿ ನೆಟ್ಟವರು ಯಾರೆಂದು ಜನಕ್ಕೆ ತಿಳಿದಿರಲಿ ಎಂಬುದು ಅವರ ಆಸೆ.

1861ರಲ್ಲಿ ಈ ವೀಕ್ಷಣಾಲಯದ ಮುಖ್ಯಸ್ಥರಾಗಿ ಬಂದವರು ನಾರ್ಮನ್ ಪಾಗ್ಸನ್. ನಕ್ಷತ್ರಗಳ ಹೊಳಪನ್ನು ಅಳೆಯಲು ಇಂದಿಗೂ ಬಳಸುವ ಲೆಕ್ಕ, ಅಂದರೆ ಒಂದು ದರ್ಜೆಗೂ ಮುಂದಿನ ದರ್ಜೆಗೂ ಸುಮಾರು ಎರಡೂವರೆ ಪಟ್ಟು ಅಂತರ ಎಂಬುದು, ಇವರದೇ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳನ್ನು ಹುಡುಕುವುದು ಆ ಕಾಲದ ಖಗೋಳಜ್ಞರ ದೊಡ್ಡ ಹುಚ್ಚು. ಆಕಾಶದ ಒಂದು ತುಂಡಿನ ನಕ್ಷೆ ಬರೆದಿಟ್ಟುಕೊಂಡು, ರಾತ್ರಿಯ ಮೇಲೆ ರಾತ್ರಿ ಅದೇ ಜಾಗವನ್ನು ದೂರದರ್ಶಕದಲ್ಲಿ ನೋಡಿ, ನಕ್ಷೆಯಲ್ಲಿಲ್ಲದ ಚುಕ್ಕೆ ಯಾವುದು, ಜಾಗ ಬದಲಿಸಿದ್ದು ಯಾವುದು ಎಂದು ಕಣ್ಣಲ್ಲೇ ಪತ್ತೆಹಚ್ಚಬೇಕು. ಹಾಗೆ ಸಿಕ್ಕಿದ್ದಕ್ಕೆ ಹೆಸರಿಡುವ ಹಕ್ಕು ಕಂಡವನದು.

ಆ ವರ್ಷದ ಏಪ್ರಿಲ್ 17ರಂದು ಪಾಗ್ಸನ್ ಮದರಾಸಿನಿಂದ ಮೊದಲ ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದೂ ಅದೇ. ಅದಕ್ಕೆ ‘ಏಷ್ಯಾ’ ಎಂದೇ ಹೆಸರಿಟ್ಟರು. ಬಳಿಕ ಇಲ್ಲಿಂದಲೇ ಸ್ಯಾಫೋ, ಸಿಲ್ವಿಯಾ, ಕ್ಯಾಮಿಲಾ, 1885ರ ಫೆಬ್ರವರಿಯಲ್ಲಿ 245ನೆಯ ಕ್ಷುದ್ರಗ್ರಹವಾದ ವೆರಾ ಸಿಕ್ಕವು.

ಈ 245ರ ಹಿಂದಿನ ಸಂಖ್ಯೆಯಲ್ಲೇ ನಮ್ಮ ಕಥೆಯ ಇನ್ನೊಂದು ತುದಿ ಇದೆ. 244ನ್ನು 1884ರ ಅಕ್ಟೋಬರ್‌ನಲ್ಲಿ ಕಂಡವರು ವಿಯೆನ್ನಾದ ಯೊಹಾನ್ ಪಾಲಿಸಾ. ಕಣ್ಣಿನಿಂದಲೇ ನೂರಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನು ಹಿಡಿದ ಗಟ್ಟಿಗ. 1886ರ ಆಗಸ್ಟ್ 29ರ ಪೂರ್ಣ ಸೂರ್ಯಗ್ರಹಣ ನೋಡಲು ದೂರ ಪ್ರಯಾಣ ಮಾಡಬೇಕೆಂಬ ಆಸೆ ಅವರಿಗೆ, ಕೈಯಲ್ಲಿ ದುಡ್ಡಿರಲಿಲ್ಲ. ‘ಅಬ್ಸರ್ವೇಟರಿ’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು: ಪಾಲಿಸಾ ಅವರು 244ಕ್ಕೆ ಹೆಸರಿಡುವ ಹಕ್ಕನ್ನು 50 ಪೌಂಡಿಗೆ ಮಾರುತ್ತಾರೆ.

ಕೊನೆಗೆ ಹಕ್ಕನ್ನು ಕೊಂಡವರು ವಿಯೆನ್ನಾದ ಶ್ರೀಮಂತ ಬ್ಯಾಂಕರ್ ಆಲ್ಬರ್ಟ್ ಫಾನ್ ರಾಥ್‌ಶೀಲ್ಡ್. ಅವರ ಪತ್ನಿಯ ಹೆಸರು ಬಂದದ್ದು 1885ರ ಸೆಪ್ಟೆಂಬರ್‌ನಲ್ಲಿ ಪಾಲಿಸಾ ಕಂಡ 250ಕ್ಕೆ. ಅದು ‘ಬೆಟ್ಟಿನಾ’ ಆಯಿತು. ಮೊದಲು ಮಾರಾಟಕ್ಕಿಟ್ಟಿದ್ದ 244ಕ್ಕೆ ಉಳಿದ ಹೆಸರು ನಮ್ಮ ರಾಮಾಯಣದ್ದು: ‘ಸೀತಾ’.

ಪಾಲಿಸಾ ಮಾಡಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆದಿರುತ್ತದಲ್ಲ, ಅಕ್ಷರಗಳೇ ಬೆಳಕಿಗೆ ಅಡ್ಡ ಬರುವಷ್ಟು ದೊಡ್ಡದಾಗಿ. ನಗು ಬರುತ್ತದೆ, ಆದರೆ ದೀಪ ಉರಿಯುತ್ತಿರುತ್ತದೆ. ಪಾಲಿಸಾ ತಮ್ಮದೇ ಕಣ್ಣಿನ ದುಡಿಮೆಯಿಂದ ಬಂದ ಹಕ್ಕನ್ನು, ಇನ್ನೊಂದು ವೀಕ್ಷಣೆಯ ಖರ್ಚಿಗಾಗಿ, ಎಲ್ಲರ ಕಣ್ಣೆದುರೇ ಮಾರಿದರು. ಇಂದು ನಕ್ಷತ್ರಕ್ಕೆ ನಿಮ್ಮ ಹೆಸರಿಡುತ್ತೇವೆ ಎಂದು ಪ್ರಮಾಣಪತ್ರ ಮಾರುವ ಅಂಗಡಿಗಳಿಗೆ ಅಂಥ ಹಕ್ಕೇ ಇಲ್ಲ. ಅವರು ಬರೆದುಕೊಳ್ಳುವ ಪಟ್ಟಿಯನ್ನು ಯಾವ ವೀಕ್ಷಣಾಲಯವೂ ತೆರೆದು ನೋಡುವುದಿಲ್ಲ. ಈ ಲೆಕ್ಕದಲ್ಲಿ ಗೇಮ್ ಕಂಪನಿಯೇ ಮೇಲು. ಆ ಆಕಾಶ ಅದರ ಸ್ವಂತದ್ದು, ಮಾರುವ ಹಕ್ಕೂ ಇದೆ. ಆದರೆ ಸರ್ವರ್ ನಿಂತ ದಿನ ಕೊಂಡ ಹೆಸರೂ ನಿಲ್ಲುತ್ತದೆ.

ನಿಜವಾದ ಆಕಾಶದಲ್ಲೂ ಹೆಸರು ತಾನಾಗಿ ಉಳಿಯುವುದಿಲ್ಲ. ವೀಕ್ಷಣಾಲಯಕ್ಕೆ ನೆರವಾಗಿದ್ದ ರಾಥ್‌ಶೀಲ್ಡ್ 1911ರಲ್ಲಿ ತೀರಿಕೊಂಡರು. ಅದೇ ವರ್ಷ ಪಾಲಿಸಾ ಕಂಡ 719ಕ್ಕೆ ಅವರ ನೆನಪಿನಲ್ಲಿ ‘ಆಲ್ಬರ್ಟ್’ ಎಂದು ಹೆಸರಾಯಿತು. ಸಾಕಷ್ಟು ವೀಕ್ಷಣೆಗಳು ಸಿಗದೆ ಅದರ ಕಕ್ಷೆಯ ಲೆಕ್ಕ ಗಟ್ಟಿಯಾಗಲಿಲ್ಲ, ಆಲ್ಬರ್ಟ್ ಕಳೆದುಹೋಯಿತು. 89 ವರ್ಷ ಪಟ್ಟಿಯಲ್ಲಿ ಹೆಸರಷ್ಟೇ ಇತ್ತು. 2000ದಲ್ಲಿ ಅಮೆರಿಕದ ಅರಿಜೋನಾದಲ್ಲಿ ಕ್ಷುದ್ರಗ್ರಹ ಹುಡುಕುತ್ತಿದ್ದವರ ಕಣ್ಣಿಗೆ ಅದು ಮತ್ತೆ ಬಿತ್ತು.

ಮದರಾಸಿನ ಸಿಲ್ವಿಯಾದ ಕಥೆ ಬೇರೆ. ಫ್ರೆಂಚ್ ಖಗೋಳಜ್ಞ ಫ್ಲಾಮರಿಯೋನ್ ಅವರ ಹೆಂಡತಿಯ ಹೆಸರದು ಎಂದು ಯಾರೋ ಬರೆದದ್ದು ಬಹುಕಾಲ ಓಡಾಡಿತು. ಆದರೆ 1866ರಲ್ಲೇ ಪಾಗ್ಸನ್ ಹೇಳಿದ್ದರು: ರೋಮ್ ಕಟ್ಟಿದ ಅವಳಿ ಸೋದರರ ತಾಯಿ ರಿಯಾ ಸಿಲ್ವಿಯಾಳ ಹೆಸರು ಅದು. ಆಮೇಲೆ ಸಿಲ್ವಿಯಾಕ್ಕೆ ಎರಡು ಪುಟ್ಟ ಚಂದ್ರರಿರುವುದು ತಿಳಿಯಿತು. 2005ರಲ್ಲಿ ಅವಕ್ಕೆ ಆ ಮಕ್ಕಳ ಹೆಸರನ್ನೇ ಇಟ್ಟರು, ರೋಮ್ಯುಲಸ್ ಮತ್ತು ರೀಮಸ್. ನುಂಗಂಬಾಕ್ಕಂನಲ್ಲಿ ಇಟ್ಟ ಹೆಸರು 139 ವರ್ಷದ ಮೇಲೆ ಮಕ್ಕಳನ್ನು ಹೆತ್ತಿತು.

ಇಷ್ಟೆಲ್ಲ ಹೆಸರುಗಳ ನಡುವೆ ಒಂದು ಹೆಸರು ಆಕಾಶ ಮುಟ್ಟಲಿಲ್ಲ. ಚಿಂತಾಮಣಿ ರಘುನಾಥಾಚಾರ್ಯರು ಮದರಾಸು ವೀಕ್ಷಣಾಲಯದಲ್ಲಿ ದಶಕಗಳ ಕಾಲ ದುಡಿದು ಮೊದಲ ಸಹಾಯಕರಾದವರು. 1867ರಲ್ಲಿ, ದಕ್ಷಿಣದ ರೆಟಿಕ್ಯುಲಮ್ ಪುಂಜದ ಒಂದು ನಕ್ಷತ್ರದ ಹೊಳಪು ಏರಿಳಿಯುವುದನ್ನು ಪತ್ತೆಹಚ್ಚಿದರು. ವಿಯೆನ್ನಾದಿಂದ ಆ ನಕ್ಷತ್ರ ಕಾಣುವುದೇ ಇಲ್ಲ. ಮದರಾಸಿನಲ್ಲೂ ದಿಗಂತದಿಂದ ಸ್ವಲ್ಪವೇ ಮೇಲೇರುತ್ತದೆ. ಕ್ಷುದ್ರಗ್ರಹ ಕಂಡವನಿಗಿದ್ದ ಹಕ್ಕು ಇಂಥ ನಕ್ಷತ್ರ ಕಂಡವನಿಗಿರಲಿಲ್ಲ. ಪುಂಜದಲ್ಲಿ ಮೊದಲು ಸಿಕ್ಕ ಇಂಥ ನಕ್ಷತ್ರಕ್ಕೆ ‘ಆರ್’ ಅಕ್ಷರ, ಮುಂದಿನದಕ್ಕೆ ‘ಎಸ್’ ಎಂಬುದು ನಿಯಮ. ಹಾಗಾಗಿ ಅದು ‘ಆರ್ ರೆಟಿಕ್ಯುಲಿ’ ಆಯಿತು, ಅಷ್ಟೆ. 1872ರಲ್ಲಿ ಅವರು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಹಲವು ಭಾಷೆಗಳಲ್ಲಿ ಬಂತು, ಕನ್ನಡವೂ ಅವುಗಳಲ್ಲೊಂದು. ಕಂಬದ ಮೇಲೆ ಹೆಸರಿಲ್ಲದ ಅವರು ಕನ್ನಡದ ಓದುಗರನ್ನು ನೆನೆದಿದ್ದರು.

ಈಗ ಆಕಾಶಕಾಯಗಳ ಹೆಸರನ್ನು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ನಿರ್ಧರಿಸುತ್ತದೆ. ಮಾರಾಟ ಇಲ್ಲ. 2019ರಲ್ಲಿ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಭಾರತಕ್ಕೆ ಬಂದಾಗ, ಜನರ ಸಲಹೆ ಮತ್ತು ಮತದಿಂದ ನಕ್ಷತ್ರ ‘ಬಿಭಾ’ ಆಯಿತು, ಗ್ರಹ ‘ಸಂತಮಸ’ ಆಯಿತು. ಬಿಭಾ ಚೌಧುರಿ ಬದುಕಿದ್ದಾಗ ತಕ್ಕ ಮನ್ನಣೆ ಸಿಗದೆ ಹೋದ ಭೌತವಿಜ್ಞಾನಿ. ರಘುನಾಥಾಚಾರ್ಯರಂಥವರಿಗೂ ಈ ದಾರಿ ತೆರೆದೇ ಇದೆ.

ಅಲ್ಲಿಯವರೆಗೆ ಆರ್ ರೆಟಿಕ್ಯುಲಿ ಸುಮಾರು ಒಂಬತ್ತು ತಿಂಗಳಿಗೊಮ್ಮೆ ಬೆಳಗಿ ಮತ್ತೆ ಮಂಕಾಗುತ್ತಿರುತ್ತದೆ. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಜನವರಿಯ ರಾತ್ರಿ ಚೆನ್ನೈನಲ್ಲಿದ್ದರೆ ದಕ್ಷಿಣಕ್ಕೆ ತಿರುಗಿ ದಿಗಂತದ ಮೇಲೊಮ್ಮೆ ನೋಡಿ. ಆ ಕಡೆಯೇ ಇದೆ.